ಅಂಚೆಯಾಳು ಯಾರ ಕಡೆಯವನು?

ಮೈಸೂರಿನ ವಾಯವ್ಯ ಭಾಗದಲ್ಲಿ, ಒಂದು ಮಗ್ಗುಲಿಗೆ ಗೋಕುಲದ ಬಡಾವಣೆಯೂ ಮತ್ತೊಂದು ಮಗ್ಗುಲಿಗೆ ಹೆಬ್ಬಾಳದ ಕೈಗಾರಿಕಾ ಪ್ರದೇಶವೂ ಒತ್ತಿಕೊಂಡು ಬಂದಿದ್ದರೂ ನಡುವೆ ತನ್ನ ಹಳ್ಳಿತನವನ್ನು ಪೂರ್ತಿಯಾಗಿ ಬಿಟ್ಟುಕೊಡದೆ ಉಳಿದುಕೊಂಡಿರುವ ನಮ್ಮ ಕುಂಬಾರಕೊಪ್ಪಲಿನ ಒಂದು ಟೀ ಅಂಗಡಿಯಲ್ಲಿ, ಬನ್ನು ಬಿಸ್ಕತ್ತುಗಳ ಗಾಜಿನ ಭರಣಿಗಳಿಗೆ ಮೇಲ್ಗಡೆ, ಒಂದು ರಟ್ಟಿನ ತುಂಡು ದಾರದಲ್ಲಿ ತೂಗುತ್ತಿರುತ್ತದೆ. ‘ವೈಫೈ ಉಚಿತ’ ಎಂದು ಅದರ ಮೊದಲ ಸಾಲು; ಅದರ ಕೆಳಗೆ ಪಾಸ್‌ವರ್ಡು, ಎಂದರೆ ಅಂಗಡಿಯ ಹೆಸರು, ಅದರ ಬಾಲಕ್ಕೆ ಒಂದು, ಎರಡು, ಮೂರು. ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ಬರುವವರು, ಕಂಪನಿಯ ಬಸ್ಸಿಗಾಗಿ ಕಾಯುವ ತರುಣ ತರುಣಿಯರು, ನನ್ನ ಹಾಗೆ ಉದ್ಯೋಗದಿಂದ ನಿವೃತ್ತರಾಗಿ ಮನೆಯಲ್ಲಿ ಓದಿ ಮುಗಿಸಿದ ದಿನಪತ್ರಿಕೆಯನ್ನೇ ಇಲ್ಲಿ ಮತ್ತೊಮ್ಮೆ ಓದಲು ಬರುವವರು, ಎಲ್ಲರೂ ಕತ್ತೆತ್ತಿ ಆ ರಟ್ಟನ್ನು ಒಮ್ಮೆ ನೋಡುವುದು, ಆಮೇಲೆ ತಂತಮ್ಮ ಮೊಬೈಲಿಗೆ ತಲೆ ಬಾಗಿಸುವುದು, ಇದು ಅಲ್ಲಿನ ಪ್ರಾತಃಕಾಲದ ನಿತ್ಯವಿಧಿ.

ಒಂದು ದಿನ ನಾನು ಅಲ್ಲಿಯೇ ಕುಳಿತು ಕರೆಂಟು ಬಿಲ್ಲನ್ನು ಕಟ್ಟಿಬಿಡೋಣವೆಂದು ಮೊಬೈಲನ್ನು ತೆಗೆದಾಗ, ಒಂದಾನೊಂದು ಕಾಲದಲ್ಲಿ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದು ಈಗ ಪಕ್ಕದ ಬೆಂಚಿನಲ್ಲಿ ಕೂತಿದ್ದ ತರುಣನೊಬ್ಬನು ಕೈಯಡ್ಡ ಹಿಡಿದು, “ಮೇಷ್ಟ್ರೇ, ಇಲ್ಲಿನ ವೈಫೈನಲ್ಲಿ ದುಡ್ಡಿನ ವ್ಯವಹಾರ ಮಾಡ್ಬೇಡಿ. ಮೊದ್ಲು ಒಂದು ವಿಪಿಎನ್ ಹಾಕ್ಕೊಳ್ಳಿ. ಫ್ರೀ ಸಿಗುತ್ತೆ” ಎಂದನು. ಮೂವತ್ತು ವರ್ಷ ಇತರರಿಗೆ ಪಾಠ ಹೇಳಿದವನಿಗೆ ಪಾಠ ಹೇಳುವವರು ಸಿಕ್ಕಿದಾಗ ಆಗುವ ಸಂತೋಷದಲ್ಲಿ ನಾನು ಹಿಂದುಮುಂದು ನೋಡದೆ, ಆ್ಯಪ್ ಮಳಿಗೆಯಲ್ಲಿ ಮೊದಲು ಕಣ್ಣಿಗೆ ಬಿದ್ದ ಉಚಿತ ವಿಪಿಎನ್ ಒಂದನ್ನು ಇಳಿಸಿಕೊಂಡೆನು. ಅದರ ಫಲಶ್ರುತಿಯನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಆ ವಸ್ತುವಿನ ಸ್ವರೂಪವೇನೆಂಬುದನ್ನು ನೋಡುವುದು ಯುಕ್ತ. ನಾನು ಆ ದಿನ ಮಾಡದೆ ಹೋದ ಕೆಲಸವೂ ಅದೇ.

ವರ್ಚುವಲ್ ಪ್ರೈವೇಟ್ ನೆಟ್‌ವರ್ಕ್ ಎಂಬ ಮೂರು ಇಂಗ್ಲಿಷ್ ಮಾತುಗಳ ಆದ್ಯಕ್ಷರಗಳು ಸೇರಿ ವಿಪಿಎನ್ ಆಗಿದೆ. ಸಾರ್ವಜನಿಕ ಜಾಲದ ನಟ್ಟನಡುವೆಯೇ ಖಾಸಗಿಯಾದೊಂದು ಹಾದಿಯನ್ನು ಕಲ್ಪಿಸಿಕೊಳ್ಳುವುದು ಎಂಬುದು ಅದರ ಭಾವ. ‘ಮಿಥ್ಯಾ ಖಾಸಗಿ ಜಾಲ’ವೆಂದು ಯಾರೋ ಮಾಡಿದ್ದ ಅನುವಾದವನ್ನು ಕಂಡು ನಾನು ಮೊದಲು ನಕ್ಕಿದ್ದೆನು, ಈಗಿನ ಉಚಿತ ವಿಪಿಎನ್‌ಗಳ ಚರಿತ್ರೆಯನ್ನು ಓದಿದ ಮೇಲೆ ಆ ಅನುವಾದಕನು ನಮಗಿಂತ ದೂರ ಕಂಡವನೆಂದು ತೋರುತ್ತದೆ.

ಇದರ ಮರ್ಮವನ್ನು ತಿಳಿಯಲು ನಮ್ಮ ಹಳೆಯ ಅಂಚೆಯನ್ನು ನೆನೆದರೆ ಅನುಕೂಲ. ಮೈಸೂರು ಸೀಮೆಯ ಅಂಚೆಯು 1673ರಿಂದ 1704ರ ವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಕಟ್ಟಿದ ಏರ್ಪಾಡು. 1889ರಲ್ಲಿ ಅದು ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಲೀನವಾಗುವ ತನಕ, ಎರಡು ಶತಮಾನಗಳಷ್ಟು ಕಾಲ, ನಮ್ಮದು ನಮ್ಮದೇ ಆದ ಅಂಚೆಯಾಗಿತ್ತು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಇಲ್ಲಿ ರೆಸಿಡೆಂಟನ ಪದವಿಯಲ್ಲಿದ್ದು ಮೈಸೂರಿನ ಚರಿತ್ರೆಯನ್ನು ಬರೆದ ಮಾರ್ಕ್ ವಿಲ್ಕ್ಸ್, ಈ ಅಂಚೆಯ ವಿಷಯವಾಗಿ ಒಂದು ವಿಲಕ್ಷಣ ಸಂಗತಿಯನ್ನು ದಾಖಲಿಸಿದ್ದಾನೆ: ಅಂಚೆಯ ಮೇಲಧಿಕಾರಿಗಳು ಆಸ್ಥಾನಕ್ಕೆ ಆಪ್ತರಾದವರು, ಅವರ ಕೈಕೆಳಗಿನ ಆಳುಗಳು ಬೇಹುಗಾರರು, ತಾವಿರುವ ಸೀಮೆಯಲ್ಲಿ ಗುಟ್ಟಾಗಿ ನಡೆಯುವುದನ್ನೆಲ್ಲ ರಾಜಧಾನಿಗೆ ಅರುಹುವುದು ಅವರ ಕರ್ತವ್ಯ. ಸುದ್ದಿಯನ್ನು ಒಯ್ಯುವುದಕ್ಕೆ ಮಾತ್ರವಲ್ಲದೆ ಸುದ್ದಿಯನ್ನು ಸಂಗ್ರಹಿಸುವುದಕ್ಕೂ ಆ ಅಂಚೆಯು ಒದಗಿತೆಂಬುದು ಅವನ ಅಭಿಪ್ರಾಯ. ಊರ ಮುಂದಿನಿಂದ ಗೆಜ್ಜೆಯ ಸದ್ದು ಮಾಡುತ್ತ ಓಡುವವನ ಕೈಗೆ ಓಲೆಯನ್ನಿತ್ತು ನಿಶ್ಚಿಂತೆಯಿಂದ ಮಲಗಿದ ರೈತನಿಗೆ, ಅವನು ತನ್ನ ಆಳೋ ಅರಮನೆಯ ಆಳೋ ಎಂಬುದು ತಿಳಿಯುವ ಬಗೆಯಿರಲಿಲ್ಲ. ಮೊಬೈಲಿಗೆ ವಿಪಿಎನ್ ಹಾಕಿಕೊಂಡ ನಮ್ಮ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಅದು ಹಳೆಯ ಅಂಚೆಯಾಳನ್ನು ಬಿಡಿಸಿ ಹೊಸಬನನ್ನು ನೇಮಿಸಿಕೊಡುತ್ತದೆ, ಅಷ್ಟೆ; ಹೊಸಬನು ಯಾರ ಕಡೆಯವನೆಂದು ವಿಚಾರಿಸುವ ಹೊಣೆ ನೇಮಿಸಿಕೊಂಡವನದೇ.

ಅಂಚೆಯ ಮಾತನ್ನೇ ಮುಂದುವರಿಸಿದರೆ ಉಳಿದ ವಿಷಯವೂ ಸುಲಭವಾಗಿ ತಿಳಿಯುತ್ತದೆ. ಅಂತರಜಾಲದ ಮೊದಲ ದಿನಗಳಲ್ಲಿ ನಾವು ಬರೆದುದು ಓದಿದುದು ಎಲ್ಲವೂ ಕಾರ್ಡಿನ ಮೇಲಿನ ಬರೆಹದಂತೆ ಹೋಗುತ್ತಿತ್ತು. ಟೀ ಅಂಗಡಿಯ ವೈಫೈ ಪೆಟ್ಟಿಗೆಯಿಂದ ಮೊದಲುಗೊಂಡು ಸಮುದ್ರದಾಚೆಯ ಸರ್ವರ್ ತನಕ ದಾರಿಯಲ್ಲಿ ಯಾರ ಕೈ ತಗಲಿದರೂ ಅವರು ಓದಬಹುದಾಗಿತ್ತು. ಎಚ್‌ಟಿಟಿಪಿಎಸ್ ಎಂದು ವಿಳಾಸದ ಆದಿಯಲ್ಲಿ ಕಾಣುವ ವ್ಯವಸ್ಥೆಯು ಬಂದ ಮೇಲೆ ಕಾರ್ಡು ಹೋಗಿ ಅಂಟಿಸಿದ ಲಕೋಟೆ ಬಂದಿತು. ಒಳಗಿನ ಬರೆಹವು ಗೂಢಲಿಪಿಯಲ್ಲಿರುವುದರಿಂದ ದಾರಿಹೋಕರು ಅದನ್ನು ಓದಲಾರರು. ಆದರೆ ಲಕೋಟೆಯ ಮೇಲಿನ ವಿಳಾಸವನ್ನು ಯಾರಾದರೂ ಓದಬಹುದಷ್ಟೆ? ಹಾಗೆಯೇ ನೀವು ಯಾವ ತಾಣಕ್ಕೆ ಹೋದಿರಿ, ಎಷ್ಟು ಹೊತ್ತಿಗೆ ಹೋದಿರಿ, ಎಷ್ಟು ಭಾರದ ಸರಕನ್ನು ತಂದಿರಿ ಎಂಬುದು ವೈಫೈ ಒಡೆಯನಿಗೂ ಸಿಮ್ ಕಂಪನಿಗೂ ಕಾಣುತ್ತಲೇ ಇರುತ್ತದೆ. ಆ ತಾಣದ ಒಳಗೆ ಯಾವ ಪುಟವನ್ನು ಓದಿದಿರಿ, ಯಾವ ಪಾಸ್‌ವರ್ಡನ್ನು ಒತ್ತಿದಿರಿ ಎಂಬುದು ಕಾಣುವುದಿಲ್ಲ. ಇನ್ನು ವಿಪಿಎನ್ ಮಾಡುವುದೇನೆಂದರೆ, ಆ ಲಕೋಟೆಯನ್ನು ಮತ್ತೊಂದು ದೊಡ್ಡ ಲಕೋಟೆಯೊಳಗಿಟ್ಟು, ಹೊರಗಡೆ ಕೇವಲ ಒಬ್ಬ ಮಧ್ಯಸ್ಥನ ವಿಳಾಸವನ್ನು ಬರೆಯುವುದು. ಟೀ ಅಂಗಡಿಯವನಿಗೆ ಮಧ್ಯಸ್ಥನ ಹೆಸರಷ್ಟೇ ಕಾಣುತ್ತದೆ. ಮಧ್ಯಸ್ಥನು ಹೊರ ಲಕೋಟೆಯನ್ನು ಒಡೆದು, ಒಳಗಿನದನ್ನು ತನ್ನ ಊರಿನ ಅಂಚೆಗೆ ಹಾಕುತ್ತಾನೆ. ಆದಕಾರಣ ತಲುಪಿದವರಿಗೆ ಓಲೆಯು ಕುಂಬಾರಕೊಪ್ಪಲಿನಿಂದ ಬಂದಿತೆಂದು ತಿಳಿಯದೆ ಸಿಂಗಪುರದಿಂದಲೋ ಸ್ವಿಟ್ಜರ್ಲೆಂಡಿನಿಂದಲೋ ಬಂದಂತೆ ತೋರುತ್ತದೆ. ಮೊದಲು ಅಂಗಡಿಯವನಿಗೆ ಕಾಣುತ್ತಿದ್ದ ಒಳವಿಳಾಸಗಳೆಲ್ಲ ಈಗ ಕಾಣುವುದು ಈ ಮಧ್ಯಸ್ಥನಿಗೆ ಎಂಬುದನ್ನು ಜಾಹೀರಾತುಗಳು ಮಾತ್ರ ದೊಡ್ಡ ಅಕ್ಷರಗಳಲ್ಲಿ ಅಚ್ಚು ಮಾಡುವುದಿಲ್ಲ.

ವೈಫೈ ಎಂಬುದೂ ರೇಡಿಯೋವೇ ಎಂಬುದನ್ನು ನಾವು ಮರೆಯುತ್ತೇವೆ. ನಮ್ಮ ಕೊಪ್ಪಲಿಗೆ ಅಷ್ಟೇನೂ ದೂರವಲ್ಲದ ಒಂಟಿಕೊಪ್ಪಲಿನಲ್ಲಿ, 1935ರಲ್ಲಿ, ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ‘ಆಕಾಶವಾಣಿ’ಯೆಂಬ ಹೆಸರಿನ ಬಾನುಲಿ ಕೇಂದ್ರವನ್ನು ಆರಂಭಿಸಿದಾಗ, ಅವರ ಉದ್ದೇಶವೇ ಪೆಟ್ಟಿಗೆಯಿದ್ದ ಎಲ್ಲರಿಗೂ ಅದು ಕೇಳಬೇಕೆಂಬುದಾಗಿತ್ತು. ಗಾಳಿಯಲ್ಲಿ ಬಿಟ್ಟ ಮಾತು ಎಲ್ಲರದು. ಟೀ ಅಂಗಡಿಯ ಪೆಟ್ಟಿಗೆಯೂ ಹಾಗೆಯೇ ಸುತ್ತಲಿನ ಗಾಳಿಗೆ ಮಾತನ್ನು ಬಿಡುತ್ತದೆ. ಪಾಸ್‌ವರ್ಡ್ ಇಲ್ಲದ ವೈಫೈ ಆದರೆ ಅದನ್ನು ಹಿಡಿಯಲು ಪಕ್ಕದ ಬೆಂಚಿನವನಿಗೆ ಯಾವ ಶ್ರಮವೂ ಇಲ್ಲ. ಪಾಸ್‌ವರ್ಡ್ ಇದ್ದರೆ ಗಾಳಿಯಲ್ಲಿ ಹೋಗುವ ಮಾತಿಗೆ ಗೂಢಲಿಪಿಯ ಹೊದಿಕೆ ಬರುವುದು ನಿಜ; ಆದರೆ ಇಂದಿಗೂ ಬಹುಮಟ್ಟಿಗೆ ಬಳಕೆಯಲ್ಲಿರುವ ಡಬ್ಲ್ಯುಪಿಎ-2 ಪದ್ಧತಿಯಲ್ಲಿ, ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇದ್ದು ಅದು ರಟ್ಟಿನ ಮೇಲೆ ತೂಗುತ್ತಿದ್ದರೆ, ನೀವು ಜಾಲವನ್ನು ಸೇರುವ ಕ್ಷಣವನ್ನು ಹೊಂಚಿ ಹಿಡಿದವನು ಆ ಹೊದಿಕೆಯನ್ನು ಸರಿಸಬಲ್ಲನು. 2018ರಲ್ಲಿ ಬಂದ ಡಬ್ಲ್ಯುಪಿಎ-3 ಈ ದೋಷಕ್ಕೆ ಪರಿಹಾರವನ್ನು ಒದಗಿಸಿತಾದರೂ ಟೀ ಅಂಗಡಿಗಳ ಪೆಟ್ಟಿಗೆಗಳು ಅಷ್ಟು ಬೇಗ ಬದಲಾಗುವಂಥವಲ್ಲ.

ಹಾಗಾದರೆ ಆ ತರುಣನ ಭಯವು ಸಕಾರಣವಾದದ್ದೆ? ಹದಿನೈದು ವರ್ಷಗಳ ಹಿಂದೆ ಆಗಿದ್ದರೆ ಪೂರ್ಣವಾಗಿ ಸಕಾರಣವೆನ್ನುತ್ತಿದ್ದೆನು. 2010ರಲ್ಲಿ ಎರಿಕ್ ಬಟ್ಲರ್ ಎಂಬಾತನು ಫೈರ್‌ಶೀಪ್ ಎಂಬ ಪುಟ್ಟ ಸಾಧನವನ್ನು ಬಿಡುಗಡೆ ಮಾಡಿ, ತೆರೆದ ವೈಫೈನಲ್ಲಿ ಕುಳಿತ ಯಾರು ಬೇಕಾದರೂ ಪಕ್ಕದವನ ಫೇಸ್‌ಬುಕ್ ಖಾತೆಯೊಳಕ್ಕೆ ಒಂದೇ ಒತ್ತಿನಲ್ಲಿ ಹೊಕ್ಕುಬಿಡಬಹುದೆಂದು ಲೋಕಕ್ಕೆ ತೋರಿಸಿಕೊಟ್ಟನು. ಆ ಗದ್ದಲದ ತರುವಾಯ ದೊಡ್ಡ ತಾಣಗಳು ಒಂದೊಂದಾಗಿ ಪೂರ್ತಿ ಎಚ್‌ಟಿಟಿಪಿಎಸ್‌ಗೆ ತಿರುಗಿದವು. 2015ರ ಕೊನೆಗೆ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯು ಅದಕ್ಕೆ ಬೇಕಾದ ಪ್ರಮಾಣಪತ್ರಗಳನ್ನು ಪುಕ್ಕಟೆಯಾಗಿ ಹಂಚತೊಡಗಿದ ಮೇಲೆ ಸಣ್ಣಪುಟ್ಟ ತಾಣಗಳೂ ಅದೇ ಹಾದಿ ಹಿಡಿದವು. ಬ್ಯಾಂಕುಗಳ ಆ್ಯಪ್‌ಗಳಂತೂ ಗೂಢಲಿಪಿಯಿಲ್ಲದೆ ಮಾತನ್ನೇ ಆಡುವುದಿಲ್ಲ. ಆದಕಾರಣ ಇಂದು ಟೀ ಅಂಗಡಿಯಲ್ಲಿ ಕರೆಂಟು ಬಿಲ್ಲು ಕಟ್ಟಿದ ಮಾತ್ರಕ್ಕೆ ಹಣವು ಮಾಯವಾಗುವುದೆಂಬುದು ವಿಪಿಎನ್ ಮಾರುವವರು ಜೀವಂತವಾಗಿಟ್ಟುಕೊಂಡು ಬಂದಿರುವ ಹಳೆಯ ಭೂತ. ಈ ಕಾಲದ ನಿಜವಾದ ಅಪಾಯವು ಬೇರೆ: ಅದೇ ಹೆಸರನ್ನಿಟ್ಟುಕೊಂಡು ಮತ್ತೊಬ್ಬನು ತನ್ನ ಮೊಬೈಲಿನಿಂದ ಹಬ್ಬಿಸುವ ನಕಲಿ ವೈಫೈ. ನಮ್ಮ ಮೊಬೈಲಿಗೆ ಹೆಸರು ಪರಿಚಿತವಾದರೆ ಸಾಕು, ಕೇಳದೆಯೇ ಹೋಗಿ ಅಪ್ಪಿಕೊಳ್ಳುವ ಸ್ವಭಾವ. ಆ ನಕಲಿಯವನು ಬ್ಯಾಂಕಿನ ಪುಟದಂತೆಯೇ ಕಾಣುವ ಪುಟವನ್ನು ಮುಂದಿಟ್ಟು ನಮ್ಮ ಕೈಯಿಂದಲೇ ಪಾಸ್‌ವರ್ಡನ್ನು ಬರೆಯಿಸಿಕೊಳ್ಳಲು ಯತ್ನಿಸುತ್ತಾನೆ. ಇದಕ್ಕೆ ಅತ್ಯಂತ ಸರಳವಾದ ಉಪಾಯವೆಂದರೆ ದುಡ್ಡಿನ ವ್ಯವಹಾರದ ಹೊತ್ತಿಗೆ ವೈಫೈಯನ್ನು ಆರಿಸಿ ಸ್ವಂತ ಸಿಮ್ಮಿನ ಡೇಟಾದಲ್ಲಿ ಕೆಲಸ ಮುಗಿಸುವುದು. ದಿನಕ್ಕೆ ಒಂದೂವರೆ ಜಿಬಿ ಕೊಟ್ಟರೂ ಮುಗಿಸಲಾಗದ ಈ ಕಾಲದಲ್ಲಿ ಬಿಲ್ಲು ಕಟ್ಟುವುದಕ್ಕೆ ಪರರ ವೈಫೈಗೆ ಕೈಯೊಡ್ಡುವುದು ಹಿಂದಿನ ಬಡತನದ ಅಭ್ಯಾಸಬಲವೆಂದಷ್ಟೇ ಹೇಳಬೇಕು. ನನ್ನಲ್ಲಿಯೂ ಅದು ಇದೆ.

ಈಗ ನನ್ನ ಉಚಿತ ವಿಪಿಎನ್‌ನ ಕಥೆಗೆ ಬರುತ್ತೇನೆ. ಅದನ್ನು ಹಾಕಿಕೊಂಡ ಮೂರನೆಯ ದಿನಕ್ಕೆ ಮೊಬೈಲು ಬೆಳಿಗ್ಗೆ ತುಂಬಿಸಿದ ಚಾರ್ಜನ್ನು ಮಧ್ಯಾಹ್ನದ ಊಟಕ್ಕೆ ಮೊದಲೇ ಮುಗಿಸಿ ಮಲಗಿತು. ಜೇಬಿನಲ್ಲಿ ಸುಮ್ಮನಿದ್ದರೂ ಬಾಣಲೆಯಂತೆ ಬಿಸಿ. ತೆರೆದಾಗಲೆಲ್ಲ ಸಾಲದ ಜಾಹೀರಾತು, ಕೂದಲೆಣ್ಣೆಯ ಜಾಹೀರಾತು. ಬ್ಯಾಂಕಿನ ಆ್ಯಪ್ ಬಾಗಿಲನ್ನೇ ತೆರೆಯಲೊಲ್ಲದು. ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದು ಹೆಬ್ಬಾಳದ ಕಡೆಯ ಕಂಪನಿಯೊಂದಕ್ಕೆ ವಾರದಲ್ಲಿ ಎರಡು ದಿನ ಹೋಗಿ ಮೂರು ದಿನ ಮನೆಯಿಂದಲೇ ದುಡಿಯುವ ಹುಡುಗಿಯೊಬ್ಬಳ ಮುಂದೆ ಮೊಬೈಲನ್ನಿಟ್ಟೆನು. ಅವಳು ಸೆಟ್ಟಿಂಗ್ಸಿನೊಳಕ್ಕೆ ಇಳಿದು, ಡೇಟಾ ಬಳಕೆಯ ಪುಟವನ್ನು ತೆರೆದು, ಬೆರಳಿನಿಂದ ಒಂದು ಸಾಲನ್ನು ತೋರಿಸಿ, “ತಾತ, ನೀವು ನಿದ್ದೆ ಮಾಡ್ತಿರೋವಾಗ ರಾತ್ರಿಯೆಲ್ಲ ಇದು ಏನು ಕಳಿಸ್ತಾ ಇತ್ತು?” ಎಂದಳು. ಏನನ್ನು ಕಳಿಸುತ್ತಿತ್ತೋ ನಾನೂ ಅರಿಯೆ, ಅವಳೂ ಅರಿಯಳು. ಕರೆಗಳ ಪಟ್ಟಿ, ಸಂದೇಶಗಳು, ನಾನಿರುವ ಸ್ಥಳ, ಇವುಗಳನ್ನೆಲ್ಲ ನೋಡುವ ಅನುಮತಿಯನ್ನು ಅದು ಕೇಳಿತ್ತು, ಉದಾರಿಯಾದ ನಾನು ಕೊಟ್ಟಿದ್ದೆನು ಎಂಬುದು ಮಾತ್ರ ಆಗ ಬಯಲಾಯಿತು. ಲಕೋಟೆ ಒಯ್ಯುವವನಿಗೆ ಮನೆಯ ಬೀರುವಿನ ಬೀಗದ ಕೈ ಏತಕ್ಕೆಂದು ಕೇಳುವ ಬುದ್ಧಿಯು ಮೂವತ್ತು ವರ್ಷ ಮೇಷ್ಟರಾಗಿದ್ದವನಿಗೆ ಹೊಳೆಯಲಿಲ್ಲ.

ನನ್ನೊಬ್ಬನ ಅವಸ್ಥೆಯಾಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆಯ ವಿಜ್ಞಾನಿಗಳೂ ಅವರ ಸಹೋದ್ಯೋಗಿಗಳೂ 2016ರಲ್ಲಿ ಆಂಡ್ರಾಯ್ಡ್ ಮೊಬೈಲಿನ 283 ವಿಪಿಎನ್ ಆ್ಯಪ್‌ಗಳನ್ನು ಬಿಚ್ಚಿ ಪರೀಕ್ಷಿಸಿದಾಗ, ಶೇಕಡ 38ರಲ್ಲಿ ಕುತಂತ್ರಾಂಶದ ಕುರುಹು ಕಂಡಿತು. ಶೇಕಡ 75ರಲ್ಲಿ ಬಳಕೆದಾರನ ಜಾಡು ಹಿಡಿಯುವ ಪರರ ತಂತ್ರಾಂಶವು ಅಡಗಿತ್ತು. ಎಲ್ಲಕ್ಕಿಂತ ಆಶ್ಚರ್ಯವೆಂದರೆ ಶೇಕಡ 18ರಷ್ಟು ಆ್ಯಪ್‌ಗಳು ಗೂಢಲಿಪಿಯನ್ನೇ ಬಳಸುತ್ತಿರಲಿಲ್ಲ. ಎಂದರೆ ಹೊರ ಲಕೋಟೆಯೇ ಇಲ್ಲ, ಅದಕ್ಕೆ ಅಂಟಿಸುವ ಚೀಟಿಯ ಹಣ ಮಾತ್ರ ವಸೂಲು. ಹೆಸರುವಾಸಿಯಾದ ಕಂಪನಿಯ ಕೈಯಲ್ಲಿದ್ದರೆ ಆಯಿತಲ್ಲ ಎಂದುಕೊಳ್ಳುವವರು ಒನಾವೋ ಪ್ರೊಟೆಕ್ಟ್‌ನ ವೃತ್ತಾಂತವನ್ನು ತಿಳಿದಿರಬೇಕು. ಅದನ್ನು ನಡೆಸುತ್ತಿದ್ದ ಕಂಪನಿಯನ್ನು ಫೇಸ್‌ಬುಕ್ 2013ರಲ್ಲಿ ಕೊಂಡುಕೊಂಡಿತು. ನಿಮ್ಮ ಮಾಹಿತಿಯನ್ನು ಕಾಪಾಡುವೆನೆಂದು ಹೇಳಿಕೊಳ್ಳುತ್ತಿದ್ದ ಆ ಉಚಿತ ವಿಪಿಎನ್, ಜನರು ತಮ್ಮ ಮೊಬೈಲಿನಲ್ಲಿ ಯಾವ ಯಾವ ಆ್ಯಪನ್ನು ಎಷ್ಟೆಷ್ಟು ಹೊತ್ತು ಬಳಸುತ್ತಾರೆಂಬ ಲೆಕ್ಕವನ್ನು ಒಡೆಯನಿಗೆ ಒಪ್ಪಿಸುತ್ತಿತ್ತು. 2018ರಲ್ಲಿ ಆಪಲ್ ತನ್ನ ಮಳಿಗೆಯಿಂದ ಅದು ಹೊರಹೋಗುವಂತೆ ಮಾಡಿತು, ಮರುವರ್ಷ ಫೇಸ್‌ಬುಕ್ ಅದನ್ನು ಮುಚ್ಚಿತು, 2023ರಲ್ಲಿ ಆಸ್ಟ್ರೇಲಿಯಾದ ನ್ಯಾಯಾಲಯವು ಎರಡು ಕೋಟಿ ಆಸ್ಟ್ರೇಲಿಯನ್ ಡಾಲರುಗಳ ದಂಡವನ್ನು ವಿಧಿಸಿತು. ಚಿಕ್ಕದೇವರಾಜರ ಅಂಚೆಯನ್ನು ನಾನು ನೆನೆದದ್ದು ಇದಕ್ಕಾಗಿಯೇ.

ಇದಕ್ಕಿಂತ ಘೋರವಾದ ಇನ್ನೊಂದು ಬಗೆಯುಂಟು. 2024ರ ಮೇ ತಿಂಗಳಲ್ಲಿ ಅಮೆರಿಕದ ಅಧಿಕಾರಿಗಳು 911 ಎಸ್5 ಎಂಬ ಜಾಲವನ್ನು ಮುರಿದರು; ಅದರ ಸೂತ್ರಧಾರನೆಂದು ಆಪಾದಿತನಾದವನ ಬಂಧನವೂ ಆಯಿತು. ಮಾಸ್ಕ್ ವಿಪಿಎನ್, ಶೈನ್ ವಿಪಿಎನ್ ಮೊದಲಾದ ಹೆಸರುಗಳ ಉಚಿತ ವಿಪಿಎನ್‌ಗಳನ್ನು ಹಾಕಿಕೊಂಡವರ ಕಂಪ್ಯೂಟರುಗಳ ಮೂಲಕ ಅಪರಾಧಿಗಳು ತಮ್ಮ ವಂಚನೆಯ ಸಂಚಾರವನ್ನು ನಡೆಸುತ್ತಿದ್ದರು. ಹೀಗೆ ಎರವಲು ಹೋಗಿದ್ದ ವಿಳಾಸಗಳು ಸುಮಾರು 1 ಕೋಟಿ 90 ಲಕ್ಷ. ಕಳ್ಳನು ಕದ್ದ ಮಾಲನ್ನು ನಮ್ಮ ಮನೆಯ ಹಿತ್ತಿಲಿನಿಂದ ಸಾಗಿಸಿದರೆ ಪೊಲೀಸರು ಮೊದಲು ತಟ್ಟುವುದು ನಮ್ಮ ಬಾಗಿಲನ್ನೇ ಅಲ್ಲವೆ? ಪುಕ್ಕಟೆಯಾಗಿ ದೊರೆಯುವ ಎಲ್ಲವೂ ಹೀಗೆಂದು ನಾನು ಹೇಳುತ್ತಿಲ್ಲ. ಸ್ವಿಟ್ಜರ್ಲೆಂಡಿನ ಪ್ರೋಟಾನ್ ಸಂಸ್ಥೆಯು ಹಣ ಕೊಡುವ ಗ್ರಾಹಕರ ಬಲದಿಂದ ಉಚಿತ ವಿಭಾಗವನ್ನೂ ನಡೆಸುತ್ತದೆ, ಅದರ ತಂತ್ರಾಂಶವನ್ನು ಯಾರು ಬೇಕಾದರೂ ಓದಿ ಪರೀಕ್ಷಿಸಬಹುದು. ಖರ್ಚು ಎಲ್ಲಿಂದ ಹುಟ್ಟುತ್ತದೆಂಬ ಪ್ರಶ್ನೆಗೆ ಅಲ್ಲೊಂದು ಉತ್ತರವಿದೆ. ನಾನು ಇಳಿಸಿಕೊಂಡಿದ್ದರಲ್ಲಿ ಆ ಪ್ರಶ್ನೆಗೆ ಉತ್ತರವು ನಾನೇ ಆಗಿದ್ದೆನು.

ಮಹಡಿಮನೆಯ ಹುಡುಗಿಯ ಲ್ಯಾಪ್‌ಟಾಪಿನಲ್ಲಿಯೂ ವಿಪಿಎನ್ ಇದೆ. ಆದರೆ ಅದರ ಜಾತಿ ಬೇರೆ. ಮೂಲತಃ ಈ ವಿದ್ಯೆ ಹುಟ್ಟಿದ್ದೇ ಕಚೇರಿಗಳ ಉಪಯೋಗಕ್ಕಾಗಿ: 1996ರ ಸುಮಾರಿಗೆ ಮೈಕ್ರೋಸಾಫ್ಟಿನಲ್ಲಿದ್ದ ಗುರ್‌ದೀಪ್ ಸಿಂಗ್ ಪಾಲ್ ಮತ್ತು ಅವರ ಸಂಗಡಿಗರು ರೂಪಿಸಿದ ಪದ್ಧತಿಯಿಂದ, ನೌಕರನು ಮನೆಯಲ್ಲಿ ಕುಳಿತು ಕಚೇರಿಯ ಒಳಜಾಲವನ್ನು ಸುರಂಗದ ಮೂಲಕ ಮುಟ್ಟುವಂತಾಯಿತು. ಆ ಹಳೆಯ ಪದ್ಧತಿಯು ಈಗ ಜೀರ್ಣವಾಗಿ ಅಪಾಯಕಾರಿಯೆನಿಸಿದೆ. ಅದರ ಸ್ಥಾನದಲ್ಲಿ 2001ರ ಓಪನ್‌ವಿಪಿಎನ್, 2020ರಲ್ಲಿ ಲಿನಕ್ಸಿನ ಗರ್ಭಗುಡಿಯೊಳಕ್ಕೇ ಪ್ರವೇಶ ಪಡೆದ ವೈರ್‌ಗಾರ್ಡ್, ಇವು ನಿಂತಿವೆ. ಕಂಪನಿಯ ಸುರಂಗದ ಆಚೆಯ ತುದಿಯಲ್ಲಿ ಕೂತಿರುವುದು ಕಂಪನಿಯೇ ಆದ್ದರಿಂದ, ಆ ಸುರಂಗದಲ್ಲಿ ಓಡಾಡಿದುದೆಲ್ಲ ಅವರ ಕಣ್ಣಿಗೆ ಬೀಳಬಹುದೆಂಬುದನ್ನು ಅರಿತವಳಾಗಿ ಅವಳು ತನ್ನ ಸ್ವಂತ ಕೆಲಸಗಳನ್ನು ಅದರಲ್ಲಿ ಮಾಡುವುದಿಲ್ಲ. “ಆಫೀಸ್ ಲ್ಯಾಪ್‌ಟಾಪಲ್ಲಿ ಮದುವೆ ಸೀರೆ ಕೂಡ ನೋಡಲ್ಲ ತಾತ” ಎಂದು ನಕ್ಕಳು.

ವಿಪಿಎನ್ ಬಳಸುವುದು ಕಾನೂನಿಗೆ ವಿರುದ್ಧವೇ ಎಂದು ಹಲವರು ಕೇಳುವುದುಂಟು. ಭಾರತದಲ್ಲಿ ವಿಪಿಎನ್‌ನ ಬಳಕೆಯೇ ಅಪರಾಧವೆಂದು ಹೇಳುವ ಸಾಮಾನ್ಯ ಶಾಸನವಿಲ್ಲ. ಅದರ ಮರೆಯಲ್ಲಿ ಮಾಡಿದ ಅಪರಾಧವು ಅಪರಾಧವೇ. ಆದರೆ 2022ರ ಏಪ್ರಿಲ್ 28ರಂದು ಸರ್ಟ್-ಇನ್ ಎಂಬ ಕೇಂದ್ರ ಸರಕಾರದ ಸಂಸ್ಥೆಯು ಹೊರಡಿಸಿದ ಆದೇಶದ ಪ್ರಕಾರ, ವಿಪಿಎನ್ ಸೇವೆಯನ್ನು ನಡೆಸುವವರು ಗ್ರಾಹಕನ ಹೆಸರು, ವಿಳಾಸ, ದೂರವಾಣಿ, ಅವನಿಗೆ ಕೊಟ್ಟ ಜಾಲವಿಳಾಸ, ಸೇವೆ ಪಡೆದ ಉದ್ದೇಶ ಇವುಗಳನ್ನು 5 ವರ್ಷಗಳ ಕಾಲ ಕಾದಿಡತಕ್ಕದ್ದು. ಕಚೇರಿಗಳ ಒಳಬಳಕೆಯ ವಿಪಿಎನ್‌ಗಳಿಗೆ ಇದರಿಂದ ವಿನಾಯಿತಿಯುಂಟು. ಯಾವ ದಾಖಲೆಯನ್ನೂ ಇಡುವುದಿಲ್ಲವೆಂಬುದನ್ನೇ ಬಂಡವಾಳವಾಗಿ ಮಾಡಿಕೊಂಡಿದ್ದ ಎಕ್ಸ್‌ಪ್ರೆಸ್ ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್ ವಿಪಿಎನ್ ಕಂಪನಿಗಳು ಆ ವರ್ಷದ ಜೂನ್‌ನಲ್ಲಿ ತಮ್ಮ ಸರ್ವರುಗಳನ್ನು ಭಾರತದಿಂದ ತೆಗೆಯುವ ನಿರ್ಧಾರವನ್ನು ಪ್ರಕಟಿಸಿದವು. ಆಗಿನಿಂದ ಇಂಥ ಆ್ಯಪ್‌ಗಳ ಪಟ್ಟಿಯಲ್ಲಿ ‘ಇಂಡಿಯಾ’ ಎಂದು ಕಾಣುವ ಸರ್ವರು ಎಷ್ಟೋ ವೇಳೆ ಸಿಂಗಪುರದಲ್ಲೋ ಲಂಡನ್ನಿನಲ್ಲೋ ಇದ್ದುಕೊಂಡು ಭಾರತದ ವೇಷ ಹಾಕಿರುತ್ತದೆ. 2025ರ ಜನವರಿಯಲ್ಲಿ ಸರಕಾರದ ಆದೇಶದ ಮೇರೆಗೆ ಕೆಲವು ವಿಪಿಎನ್ ಆ್ಯಪ್‌ಗಳು ಗೂಗಲ್ ಮತ್ತು ಆಪಲ್ ಮಳಿಗೆಗಳ ಭಾರತದ ಕಪಾಟುಗಳಿಂದ ಕಾಣೆಯಾದವು. ಕಾಣೆಯಾದುದನ್ನು ಎಪಿಕೆ ಎಂಬ, ಆ್ಯಪನ್ನು ಹೊತ್ತ ಕಡತದ ರೂಪದಲ್ಲಿ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿಕೊಡುವೆನೆನ್ನುವ ಪರೋಪಕಾರಿಗಳಿಂದ ದೂರವಿರುವುದು ಕ್ಷೇಮ.

ದಾಖಲೆ ಇಡುವುದಿಲ್ಲವೆಂದು ಹೇಳುವುದಕ್ಕೂ ಇಡದೆ ಇರುವುದಕ್ಕೂ ಅಂತರವುಂಟಷ್ಟೆ. ಆ ಅಂತರವು ಪರೀಕ್ಷೆಗೆ ಒಳಗಾದ ಒಂದು ಪ್ರಸಂಗವನ್ನು ಹೇಳಬಹುದು: 2023ರ ಏಪ್ರಿಲ್‌ನಲ್ಲಿ ಸ್ವೀಡನ್ನಿನ ಪೊಲೀಸರು ಗೋಥೆನ್‌ಬರ್ಗ್ ನಗರದಲ್ಲಿರುವ ಮುಲ್‌ವಾಡ್ ಎಂಬ ವಿಪಿಎನ್ ಕಂಪನಿಯ ಕಚೇರಿಗೆ ಶೋಧದ ವಾರಂಟಿನೊಡನೆ ಬಂದರು; ಕೇಳಿದ ಗ್ರಾಹಕ ಮಾಹಿತಿಯು ತಮ್ಮಲ್ಲಿ ಇಲ್ಲವೇ ಇಲ್ಲವೆಂದು ಕಂಪನಿಯವರು ತೋರಿಸಿಕೊಡಲು, ಬರಿಗೈಯಲ್ಲಿ ಹಿಂದಿರುಗಿದರು. ಆ ಕಂಪನಿಯು ಗ್ರಾಹಕನ ಹೆಸರನ್ನಾಗಲಿ ಇಮೇಲನ್ನಾಗಲಿ ಕೇಳದೆ ಒಂದು ಸಂಖ್ಯೆಯನ್ನಷ್ಟೇ ಕೊಡುತ್ತದೆ. ತಿಂಗಳಿಗೆ 5 ಯೂರೋ. ಅದನ್ನೇ ಕೊಳ್ಳಿರೆಂಬುದು ನನ್ನ ಮಾತಲ್ಲ. ಕೊಳ್ಳುವ ಮುನ್ನ ಕಂಪನಿಯ ಒಡೆಯರು ಯಾರು, ಯಾವ ದೇಶದ ಕಾನೂನಿಗೆ ಒಳಪಟ್ಟವರು, ಹೊರಗಿನವರಿಂದ ಲೆಕ್ಕಪರಿಶೋಧನೆ ಮಾಡಿಸಿ ವರದಿಯನ್ನು ಪ್ರಕಟಿಸಿದ್ದಾರೆಯೆ, ಇಷ್ಟನ್ನಾದರೂ ವಿಚಾರಿಸಬೇಕು. ಒಂಟಿಕೊಪ್ಪಲು ಪಂಚಾಂಗ ನೋಡಿ ಮುಹೂರ್ತವಿಡುವ ನಾವು ಇಷ್ಟು ನೋಡಲಾರೆವೆ?

ಮೊಬೈಲಿನಲ್ಲಿ ಮಾಡಿಕೊಳ್ಳಬೇಕಾದ ಏರ್ಪಾಡುಗಳಲ್ಲಿ ವಿಪಿಎನ್‌ಗಿಂತ ಮೊದಲು ಮಾಡತಕ್ಕವು ಕೆಲವುಂಟು. ಆಂಡ್ರಾಯ್ಡಿನ 9ನೆಯ ಆವೃತ್ತಿಯಿಂದೀಚೆಗೆ ಸೆಟ್ಟಿಂಗ್ಸಿನ ನೆಟ್‌ವರ್ಕ್ ವಿಭಾಗದಲ್ಲಿ ‘ಪ್ರೈವೇಟ್ ಡಿಎನ್‌ಎಸ್’ ಎಂಬ ಸಾಲೊಂದಿದೆ. ತಾಣದ ಹೆಸರನ್ನು ಕೊಟ್ಟು ಅದರ ಸಂಖ್ಯೆಯನ್ನು ಕೇಳಿ ತಿಳಿಯುವ ವಿಚಾರಣೆಯು ಸಾಮಾನ್ಯವಾಗಿ ಬಯಲಿನಲ್ಲಿ ನಡೆಯುವುದನ್ನು ಇದು ಗೂಢಲಿಪಿಯೊಳಕ್ಕೆ ಸೇರಿಸುತ್ತದೆ. ಅಲ್ಲಿ ಡಿಎನ್‌ಎಸ್ ಡಾಟ್ ಗೂಗಲ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ತುಂಬಿದರೆ ಸಾಕು, ಯಾವ ಆ್ಯಪೂ ಬೇಡ, ಹಣವೂ ಬೇಡ. ಇದರಿಂದ ಎಲ್ಲವೂ ಮುಚ್ಚಿಹೋಗದು. ತಾಣದ ಹೆಸರು ಬೇರೊಂದು ಸಂದಿಯಿಂದ ಇಣುಕುತ್ತಲೇ ಇರುತ್ತದೆ. ಕ್ರೋಮ್ ಬ್ರೌಸರಿನ ಸೆಟ್ಟಿಂಗ್ಸಿನಲ್ಲಿ ‘ಆಲ್ವೇಸ್ ಯೂಸ್ ಸೆಕ್ಯೂರ್ ಕನೆಕ್ಷನ್ಸ್’ ಎಂಬುದನ್ನು ಹಚ್ಚಿಟ್ಟರೆ, ಇನ್ನೂ ಕಾರ್ಡಿನಲ್ಲಿ ಬರೆಯುವ ಹಳೆಯ ತಾಣಗಳಿಗೆ ಹೋಗುವ ಮುನ್ನ ಅದು ಎಚ್ಚರಿಸುತ್ತದೆ. ವಿಳಾಸದ ಪಕ್ಕದ ಬೀಗದ ಚಿತ್ರವನ್ನು ನಂಬಿದ್ದವರಿಗೆ ಒಂದು ಮಾತು: 2023ರಲ್ಲಿ ಕ್ರೋಮ್ ಆ ಬೀಗವನ್ನೇ ತೆಗೆದುಹಾಕಿತು, ಏಕೆಂದರೆ ಮೋಸದ ತಾಣಗಳೂ ಬೀಗ ಹಾಕಿಕೊಂಡೇ ಬರತೊಡಗಿದ್ದವು. ಅಂಟಿಸಿದ ಲಕೋಟೆಯು ಕಳ್ಳನಿಗೇ ಬರೆದದ್ದಾದರೆ ಅಂಟು ಯಾರನ್ನು ಕಾಪಾಡೀತು? ಇನ್‌ಕಾಗ್ನಿಟೋ ಎಂಬ ಕಪ್ಪು ಪುಟವಂತೂ ಮನೆಯವರಿಂದ ನಾವು ನೋಡಿದ್ದನ್ನು ಮರೆಮಾಡುತ್ತದೆಯೇ ಹೊರತು ಜಾಲದವರಿಂದ ಅಲ್ಲ.

ವಿಪಿಎನ್ ಬೇಕೆಂದು ತೀರ್ಮಾನಿಸಿದವರು, ಎಂದರೆ ಊರೂರು ಸುತ್ತಿ ಹೋಟೆಲುಗಳ ವೈಫೈನಲ್ಲಿ ದಿನ ಕಳೆಯುವವರು, ತಾವು ಯಾವ ತಾಣವನ್ನು ಓದುತ್ತೇವೆಂಬುದು ಸ್ಥಳೀಯರಿಗೆ ತಿಳಿಯಬಾರದೆಂದು ಬಯಸಲು ತಕ್ಕ ಕಾರಣವುಳ್ಳವರು, ಸೆಟ್ಟಿಂಗ್ಸಿನ ನೆಟ್‌ವರ್ಕ್ ವಿಭಾಗದಲ್ಲಿ ವಿಪಿಎನ್ ಎಂಬುದನ್ನು ತೆರೆದು (ಸ್ಯಾಮ್‌ಸಂಗ್ ಮೊಬೈಲುಗಳಲ್ಲಿ ಇದು ‘ಮೋರ್ ಕನೆಕ್ಷನ್ ಸೆಟ್ಟಿಂಗ್ಸ್’ನೊಳಗೆ ಅಡಗಿದೆ) ತಮ್ಮ ಆ್ಯಪಿನ ಮುಂದಿನ ಗುರುತನ್ನು ಒತ್ತಿ ‘ಆಲ್ವೇಸ್-ಆನ್’ ಎಂಬುದನ್ನೂ, ವಿಪಿಎನ್ ಇಲ್ಲದ ಸಂಪರ್ಕವನ್ನು ತಡೆಯುವ ಅದರ ಕೆಳಗಿನ ಸಾಲನ್ನೂ ಹಚ್ಚಿಡಬೇಕು. ಇಲ್ಲವಾದರೆ ಸುರಂಗವು ನಡುವೆ ಕುಸಿದಾಗ ಮೊಬೈಲು ಸದ್ದಿಲ್ಲದೆ ಬಯಲು ಹಾದಿಗೆ ಇಳಿದುಬಿಡುತ್ತದೆ. ಸುರಂಗವು ತೆರೆದಿದೆಯೆಂಬುದಕ್ಕೆ ಆಂಡ್ರಾಯ್ಡಿನ ನೆತ್ತಿಯ ಪಟ್ಟಿಯಲ್ಲಿ ಪುಟ್ಟದೊಂದು ಬೀಗದ ಕೈ ಮೂಡುತ್ತದೆ. ರೈಲ್ವೆ ನಿಲ್ದಾಣದ ವೈಫೈನಂತೆ ಮೊಬೈಲ್ ಸಂಖ್ಯೆಯನ್ನೂ ಓಟಿಪಿಯನ್ನೂ ಕೇಳುವ ಕಡೆಗಳಲ್ಲಿ, ಆ ಪ್ರವೇಶದ ಪುಟವು ಬರಬೇಕಾದರೆ ಮೊದಲು ಈ ತಡೆಯನ್ನು ತೆಗೆದಿದ್ದು ಒಳಹೊಕ್ಕ ಮೇಲೆ ಮತ್ತೆ ಹಾಕಬೇಕು. ಇದು ತಿಳಿಯದೆ ಜಾಲವೇ ಸರಿಯಿಲ್ಲವೆಂದು ಬೈದುಕೊಳ್ಳುವವರನ್ನು ಕಂಡಿದ್ದೇನೆ. ವಿದೇಶದ ವಿಳಾಸದಿಂದ ಬಂದವರಿಗೆ ಬಾಗಿಲು ತೆರೆಯದ ಸರಕಾರಿ ತಾಣಗಳೂ ಬ್ಯಾಂಕುಗಳೂ ನಮ್ಮಲ್ಲಿ ಇವೆ. ಅವುಗಳ ಮಟ್ಟಿಗೆ ವಿಪಿಎನ್ ಆರಿಸಿಯೇ ಹೋಗಬೇಕಾಗುತ್ತದೆ. ಯಾವುದೇ ವಿಪಿಎನ್ ‘ಸರ್ಟಿಫಿಕೇಟ್’ ಒಂದನ್ನು ಮೊಬೈಲಿಗೆ ಸೇರಿಸಿಕೊಳ್ಳಿರೆಂದು ಕೇಳಿದರೆ ಒಪ್ಪತಕ್ಕದ್ದಲ್ಲ, ಏಕೆಂದರೆ ಆ ಒಂದು ಒಪ್ಪಿಗೆಯಿಂದ ಒಳಲಕೋಟೆಯನ್ನೂ ಒಡೆಯುವ ಅಧಿಕಾರವು ಆ ಮಧ್ಯಸ್ಥನಿಗೆ ಪ್ರಾಪ್ತವಾಗುತ್ತದೆ. ಬೇಡವಾದಾಗ ಆ್ಯಪನ್ನು ಅಳಿಸಿ, ವಿಪಿಎನ್ ಪುಟದಲ್ಲಿ ಅದರ ಹೆಸರು ಉಳಿದಿದೆಯೇ ಎಂದು ನೋಡುವುದನ್ನು ಮರೆಯಬಾರದು. ಐಫೋನಿನಲ್ಲಿ ಇದು ‘ಜನರಲ್’ ವಿಭಾಗದ ‘ವಿಪಿಎನ್ ಆಂಡ್ ಡಿವೈಸ್ ಮ್ಯಾನೇಜ್‌ಮೆಂಟ್’ ಎಂಬಲ್ಲಿ ದೊರೆಯುತ್ತದೆ.

ಇಷ್ಟೆಲ್ಲ ಮಾಡಿಯೂ, ಮದುವೆಯ ಕರೆಯೋಲೆಯೆಂದೋ ಸಂಚಾರ ಪೊಲೀಸರ ದಂಡದ ಚೀಟಿಯೆಂದೋ ವಾಟ್ಸ್ಆ್ಯಪ್‌ನಲ್ಲಿ ಬಂದ ಎಪಿಕೆ ಕಡತವನ್ನು ಒತ್ತಿದರೆ, ಬ್ಯಾಂಕಿನವನೆಂದು ಹೇಳಿಕೊಂಡವನಿಗೆ ಓಟಿಪಿಯನ್ನು ಓದಿ ಹೇಳಿದರೆ, ವಿಪಿಎನ್ ಆ ವಂಚನೆಯನ್ನೂ ಅಷ್ಟೇ ಭದ್ರವಾಗಿ ಸುರಂಗದಲ್ಲಿ ಸಾಗಿಸಿಕೊಡುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯು ನಮ್ಮ ಕೊಪ್ಪಲಿನವರಿಗೆ ಬಿಡಿಸಿ ಹೇಳಬೇಕಾದದ್ದಲ್ಲ. ಹಣ ಹೋಯಿತೆಂದು ತಿಳಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿಯಾದ 1930ಕ್ಕೆ ಕರೆ ಮಾಡಬೇಕು. ಮೊದಲ ಕೆಲವು ಗಂಟೆಗಳಲ್ಲಿ ದೂರು ಹೋದರೆ ಹಣವು ಕೈದಾಟುವ ಮೊದಲೇ ಖಾತೆಯಲ್ಲಿ ತಡೆಹಿಡಿಯುವ ಸಂಭವವುಂಟು.

ಮಹಡಿಯ ಹುಡುಗಿಯು ನನ್ನ ಮೊಬೈಲಿನಿಂದ ಆ ಉಚಿತ ಉಪದ್ರವವನ್ನು ಕಿತ್ತುಹಾಕಿದಳು. ಈಗ ನಾನು ಯಾವ ವಿಪಿಎನ್ನನ್ನೂ ಇಟ್ಟುಕೊಂಡಿಲ್ಲ. ಬಿಲ್ಲು ಕಟ್ಟುವುದೆಲ್ಲ ಸಿಮ್ಮಿನ ಡೇಟಾದಲ್ಲಿ. ಮರುದಿನ ಟೀ ಅಂಗಡಿಗೆ ಹೋಗಿ, ಕಲಿತ ವಿದ್ಯೆಯನ್ನು ಹಂಚದೆ ಇರಲಾರದ ಮೇಷ್ಟರ ಚಾಳಿಯಿಂದ, ಅಂಗಡಿಯವನಿಗೆ ಅವನ ವೈಫೈ ಪೆಟ್ಟಿಗೆಯ ವಿಷಯವಾಗಿ ಅರ್ಧ ಗಂಟೆ ಉಪನ್ಯಾಸ ಮಾಡಿದೆನು: ಪೆಟ್ಟಿಗೆಯ ಆಡಳಿತದ ಪಾಸ್‌ವರ್ಡು ಕಾರ್ಖಾನೆಯಿಂದ ಬಂದದ್ದೇ ಇದ್ದರೆ ಬದಲಾಯಿಸಬೇಕು, ಗಿರಾಕಿಗಳಿಗೆ ‘ಗೆಸ್ಟ್’ ಎಂಬ ಬೇರೆ ಜಾಲವನ್ನು ಮಾಡಿ ತನ್ನ ದುಡ್ಡಿನ ಲೆಕ್ಕದ ಮೊಬೈಲನ್ನು ಅದಕ್ಕೆ ಸೇರಿಸಬಾರದು, ಒಂದು ಎರಡು ಮೂರು ಎಂಬುದನ್ನಂತೂ ಈ ದಿನವೇ ತೆಗೆಯಬೇಕು. ಅವನು ಹಾಲು ಎತ್ತಿ ಹೊಯ್ಯುತ್ತಲೇ “ಆಯ್ತು ಮೇಷ್ಟ್ರೇ, ಸಂಜೆ ಹುಡುಗನ ಕೈಲಿ ಮಾಡಿಸ್ತೀನಿ” ಎಂದನು, ಮಾಡಿಸಿಯೂ ಮಾಡಿಸಿದನು. ಎರಡು ದಿನದ ಮೇಲೆ ಹೋಗಿ ನೋಡಿದರೆ ಪಾಸ್‌ವರ್ಡು ಬದಲಾಗಿ, ಅಕ್ಷರ ಅಂಕಿ ಚಿಹ್ನೆಗಳೆಲ್ಲ ಬೆರೆತ ಹದಿನಾರು ಗುರುತುಗಳ ಗಟ್ಟಿ ಪಾಸ್‌ವರ್ಡೇ ಆಗಿತ್ತು. ಗಿರಾಕಿಗಳು ಪದೇ ಪದೇ ಕೇಳಿ ತಲೆ ತಿನ್ನುತ್ತಾರೆಂದು, ಬಸ್ಸಿಗೆ ಕಾಯುವವರಿಗೂ ಕಾಣುವ ಹಾಗೆ ಮೊದಲಿನ ಎರಡರಷ್ಟು ದೊಡ್ಡ ರಟ್ಟಿನ ಮೇಲೆ ಬರೆದು, ರಸ್ತೆಯ ಕಡೆಗೆ ಮುಖ ಮಾಡಿ ತೂಗುಹಾಕಿದ್ದನು.